ಟೊಮೆಟೊ ಊರಿಗೆ ಬಾಟಲಿ ಸಾಸ್ ಯಾಕೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಪಿಜ್ಜಾ ಮಾಡುವ ಬಗೆ ಓದಿದೆ. ಸಾಮಗ್ರಿಯ ಮೊದಲ ಸಾಲೇ ‘ಪಿಜ್ಜಾ ಸಾಸ್ ಒಂದು ಬಾಟಲಿ’. ಆ ಹೊತ್ತಿಗೆ ನಮ್ಮ ಜಗಲಿ ಮೇಲೆ ವಡ್ಡಹಳ್ಳಿ ಮಾರುಕಟ್ಟೆಯಿಂದ ವಾಪಸ್ ಬಂದ ಮೂರು ಬಾಕ್ಸ್ ಟೊಮೆಟೊ ಕೂತಿತ್ತು. ತೀರಾ ಹಣ್ಣಾಗಿದೆ, ದೂರದ ಲಾರಿಗೆ ತಡೆಯಲ್ಲ ಅಂದರಂತೆ. ಸಾಸಿಗೆ ಬೇಕಾದ್ದು ಅಂಥ ಹಣ್ಣೇ ಅಲ್ಲವೇ?

ಒಂದು ಕೆ.ಜಿ. ಹಣ್ಣಿನ ತಳಕ್ಕೆ ಚಾಕುವಿನಲ್ಲಿ ಅಡ್ಡ-ಉದ್ದ ಗೀರಿ, ಕುದಿನೀರಿನಲ್ಲಿ ಒಂದು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಸುಲಿದುಕೊಳ್ಳುತ್ತದೆ. ಬೀಜದ ನೀರು ಹಿಂಡಿ (ಅದು ಸಾರಿಗಾಗುತ್ತದೆ, ಚೆಲ್ಲಬೇಡಿ), ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಹಣ್ಣು ಕಿವುಚಿ ಹಾಕಿ, ಉಪ್ಪು ಬಿದ್ದ ಮೇಲೆ ಸಣ್ಣ ಉರಿಯಲ್ಲಿ ಬಿಡಬೇಕು. ಸೌಟಿನಲ್ಲಿ ಗೆರೆ ಎಳೆದರೆ ಕೂಡಿಕೊಳ್ಳಬಾರದು, ಅದು ಹದ. ನೀರಾದರೆ ಹಿಟ್ಟು ನೆನೆದು ಮುದ್ದೆಯಾಗುತ್ತದೆ. ಸಾಸಿಗೆ ಹಾಕುವ ಬೇಸಿಲ್ ಸೊಪ್ಪು ಎಲ್ಲಿ ಸಿಗುತ್ತೆ ಅಂತ ಹುಡುಕಬೇಡಿ, ಹಿತ್ತಲ ಕಾಮಕಸ್ತೂರಿಯೇ ಅದು.

ಹಿಟ್ಟಿನ ವಿಷಯದಲ್ಲಿ ನಾನೇ ಎಡವಿದೆ. ಎರಡು ಬಟ್ಟಲು ಮೈದಾ, ಒಂದು ಚಿಕ್ಕ ಚಮಚ ಯೀಸ್ಟ್, ಅರ್ಧ ಚಮಚ ಉಪ್ಪು, ಚಿಟಿಕೆ ಸಕ್ಕರೆ, ಒಂದಿಷ್ಟು ಎಣ್ಣೆ. ಪುರವಣಿಯವರು ‘ಬಿಸಿ ನೀರು’ ಅಂತ ಬರೆದಿದ್ದರು, ನಾನು ಒಲೆಯಿಂದಿಳಿಸಿದ್ದನ್ನೇ ಸುರಿದೆ. ಯೀಸ್ಟ್ ಜೀವ ಇರುವ ವಸ್ತು, ಸತ್ತೇಹೋಯಿತು. ಎರಡು ಗಂಟೆ ಕಾದರೂ ಹಿಟ್ಟು ಅಲ್ಲಾಡಲಿಲ್ಲ. ನೀರು ಬೆರಳಿಗೆ ಬೆಚ್ಚಗೆ ತಾಕಿದರೆ ಸಾಕು ಅಂತ ಬರೆದಿದ್ದರೆ ಮೈದಾ ಉಳಿಯುತ್ತಿತ್ತು.

ಪಿಜ್ಜಾದ ತವರು, ಇಟಲಿಯ ನೇಪಲ್ಸ್‌ನ ಸೌದೆ ಒಲೆ 400 ಡಿಗ್ರಿ ದಾಟುತ್ತದೆ, ಪಿಜ್ಜಾ ಒಂದೂವರೆ ನಿಮಿಷದಲ್ಲಿ ಬೆಂದುಬಿಡುತ್ತದೆ. ನಮಗೆ ದೋಸೆ ಹೆಂಚೇ ಗತಿ. ತಟ್ಟಿದ ಹಿಟ್ಟನ್ನು ಒಂದು ಮಗ್ಗುಲು ಸುಟ್ಟು, ಮಗುಚಿ, ಸುಟ್ಟ ಮುಖಕ್ಕೆ ಸಾಸ್ ಸವರಿ, ಮೇಲೆ ಮುಚ್ಚಳ ಕವುಚಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ. ಚೀಸ್ ದುಬಾರಿಯಾದರೆ ಬಿಡಿ. ನೇಪಲ್ಸ್‌ನ ಹಳೆಯ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ; ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಸೊಪ್ಪು, ಆಲಿವ್ ಎಣ್ಣೆ ಅಷ್ಟೇ.

2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ಬಾಟಲಿ ಅಂದಿದ್ದರೆ ಒಪ್ಪುತ್ತಿದ್ದೆ. ರೇಟ್ ಬಿದ್ದಾಗಲಾದರೂ ಸಾಸ್ ಮಾಡುವುದನ್ನೇ ಅಚ್ಚು ಹಾಕಿ. ಜಗಲಿ ಮೇಲೆ ಇನ್ನೂ ಒಂದೂವರೆ ಬಾಕ್ಸ್ ಉಳಿದಿದೆ.

– ಟೊಮೆಟೊ ಬೆಳೆಗಾರರ ಮನೆಯಾಕೆ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ