ಮಗಳೇ, ಸಾಕ್ಷಿ ಕಟಕಟೆ ಹತ್ತುವ ಮುಂಚೆ

ಪುಟ್ಟಿ,

ಸಮನ್ಸ್ ಬಂತು. 14ನೇ ತಾರೀಕು, ಬೆಳಿಗ್ಗೆ 11ಕ್ಕೆ. ನನಗೂ ಅವತ್ತೇ. ಫೋನಿನಲ್ಲಿ ಹೇಳೋಣ ಅಂದ್ರೆ ನೀನು ‘ಸಾಕಮ್ಮಾ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಆ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಮಾಡಿದ್ದರ ವಿಷಯ ಎತ್ತುವುದಿಲ್ಲ ಬಿಡು.

ನಾನೂ ಸಾಕ್ಷಿ ಅಲ್ವಾ, ನೀನು ಹೇಳುವಾಗ ನನ್ನನ್ನು ಹಾಲ್ ಒಳಗೆ ಬಿಡುವುದಿಲ್ಲವಂತೆ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ. ಸರ್ಕಾರಿ ವಕೀಲರನ್ನು ಎಷ್ಟು ಕೇಳಿದರೂ ಆಗಲ್ಲ ಅಂದರು. ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಜಾರು ಮಾಡ್ಕೋಬೇಡ.

ಆ ಹುಡುಗನ ಭಯ ನನಗಿಲ್ಲ. ಗದರಿಸಿದರೆ ‘ಹೌದು’ ಅಂದುಬಿಡುತ್ತೀಯಲ್ಲ, ಅದೇ ಭಯ. ದೊಡ್ಡತ್ತೆ ಮನೆಯ ಉಪ್ಪಿನಕಾಯಿ ಜಾಡಿ ನೆನಪಿದೆಯಾ? ಬೀಳಿಸಿದ್ದು ಬೆಕ್ಕು. ನೀನು ಹಿತ್ತಲಲ್ಲಿ ಆಡುತ್ತಿದ್ದೆ. ‘ನೀನೇ ತಾನೇ, ನೀನೇ ತಾನೇ’ ಅಂತ ಅವರು ಜೋರು ಮಾಡಿದ್ದಕ್ಕೆ ‘ಹೌದು’ ಅಂದೆ. ಬೈಗುಳ ನಿಂತರೆ ಸಾಕಿತ್ತು ನಿನಗೆ. ಚೂರುಗಳನ್ನೂ ನೀನೇ ಆರಿಸಿದೆ. ಈಗಲೂ ದೊಡ್ಡತ್ತೆ ಆ ಜಾಡಿ ಲೆಕ್ಕ ನಿನ್ನ ಹೆಸರಿಗೇ ಹೇಳುತ್ತಾರೆ.

ಪಾಟೀಸವಾಲಿನಲ್ಲಿ ಅವನ ಕಡೆ ವಕೀಲರೂ ಹೀಗೇ ಕೇಳುತ್ತಾರೆ. ‘ನೀವೇ ಅವನ ಜೊತೆ ಮಾತಾಡುತ್ತಿದ್ದಿರಿ ಎಂದರೆ ಸರಿಯೇ?’ ‘ಮನೆಯವರು ಹೇಳಿಕೊಟ್ಟಂತೆ ಸುಳ್ಳು ಹೇಳುತ್ತಿದ್ದೀರಿ ಎಂದರೆ ಸರಿಯೇ?’ ಒಂದರ ಹಿಂದೊಂದು. ಸರಿಯಲ್ಲದ್ದಕ್ಕೆ ‘ಸರಿಯಲ್ಲ’ ಅನ್ನು. ಬೇಗ ಮುಗಿಯಲಿ ಅಂತ ತಲೆಯಾಡಿಸಬೇಡ. ಮರೆತಿದ್ದರೆ ನೆನಪಿಲ್ಲ ಅನ್ನು. ಪ್ರಶ್ನೆ ತಿಳಿಯದಿದ್ದರೆ ಮತ್ತೆ ಕೇಳಲು ಹೇಳು. ಅಸಭ್ಯವಾಗಿ ಕೇಳಿದರೆ ತಡೆಯುವ ಅಧಿಕಾರ ಜಡ್ಜ್‌ಗಿದೆ. ಉತ್ತರ ಹೇಳುವಾಗ ಜಡ್ಜ್ ಕಡೆಗೇ ನೋಡು. ಟೈಪ್ ಮಾಡಿದ್ದನ್ನು ಕೊನೆಗೆ ಓದಿ ಹೇಳುತ್ತಾರೆ. ಪೂರ್ತಿ ಕೇಳಿಸಿಕೋ, ತಪ್ಪಿದ್ದರೆ ಹೇಳು, ಆಮೇಲೆ ಸಹಿ.

ನೋಡು, ಭಾಷಣ ಶುರುವಾಯಿತು. ಏನು ಹೇಳಬೇಕು ಅಂತ ಮಾತ್ರ ನಾನು ಹೇಳಿಕೊಡುವುದಿಲ್ಲ. ನಡೆದದ್ದು ನಿನಗೆ ಗೊತ್ತು.

ಅವನ ಕಡೆಯವರು ಅಡ್ಡಗಟ್ಟಿ ರಾಜಿ ಗೀಜಿ ಅಂದರೆ, ಹೆದರಿಸಿದರೆ, ನೇರ ಸರ್ಕಾರಿ ವಕೀಲರಿಗೆ ಹೇಳು. ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಇದೆ. ಅರ್ಜಿ ಕೊಟ್ಟು ಪೊಲೀಸ್ ರಕ್ಷಣೆ ಕೇಳಬಹುದು. ಸುಮ್ನೆ ನುಂಗಿಕೊಂಡು ಬರಬೇಡ.

ನಿಮ್ಮಪ್ಪ ಅಂಗಡಿಗೆ ಬಂದವರಿಗೆಲ್ಲ ‘ನನ್ನ ಮಗಳು ಹಿಂದೆ ಸರಿಯೋಲ್ಲ’ ಅನ್ನುತ್ತಿದ್ದಾರೆ. ಬಾಯಿಮುಚ್ಚಿ ಅಂದೆ. ಒಳಗೊಳಗೆ ನನಗೂ ಖುಷಿಯೇ.

ಅವತ್ತೇ ಮುಗಿಯುತ್ತೆ ಅನ್ನೋ ಖಾತ್ರಿ ಇಲ್ಲ. ಮಧ್ಯಾಹ್ನದವರೆಗೆ ಕೂರಿಸಿ ಮುಂದಿನ ತಾರೀಕು ಕೊಟ್ಟರೂ ಕೊಟ್ಟರು. ರಜೆ ಒಂದು ದಿನ ಜಾಸ್ತಿಯೇ ಹಾಕು. ಆಧಾರ್ ಕಾರ್ಡ್ ಮರೀಬೇಡ.

ಅಮ್ಮ