ರೈಫಲ್ ಕೊಳ್ಳುವ ಮುನ್ನ ಭಾನುವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ಗುರಿ ಹೊಡೆಯುವ ಆಟಕ್ಕೆ ಮೊದಲ ರೈಫಲ್ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಈ ಭಾನುವಾರ ಬೆಳಿಗ್ಗೆ 6.30ಕ್ಕೆ ನಮ್ಮ ಅಭ್ಯಾಸದ ಜಾಗಕ್ಕೆ ಬನ್ನಿ. ಹೊತ್ತೇರಿದರೆ ಬಳ್ಳಾರಿಯ ಬಿಸಿಲಿನ ಜೊತೆ ಗಾಳಿಯೂ ಏಳುತ್ತದೆ. ಗುರಿ ತಪ್ಪಿದ್ದು ರೈಫಲ್‌ನಿಂದಲೋ ಗಾಳಿಯಿಂದಲೋ ತಿಳಿಯುವುದಿಲ್ಲ.

50 ಮೀಟರ್ ದೂರದ ಗುರಿಗೆ ಹೊಡೆಯುವ ಆಸೆ ನನಗೂ ಇದೆ. ಆದರೆ ಅದಕ್ಕೆ ಬೇಕಾದ .22 (ನಳಿಕೆಯ ಅಳತೆ, ಇಂಚಿನಲ್ಲಿ) ರೈಫಲ್‌ಗೆ ಪರವಾನಗಿ ಬೇಕು, ಗುಂಡಿನ ಖರ್ಚೂ ಹೆಚ್ಚು. ನಳಿಕೆ 4.5 ಮಿ.ಮೀ. ಅಳತೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ (ಗಾಳಿಯ ಒತ್ತಡದಿಂದ ಹಾರಿಸುವ ರೈಫಲ್) 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿಯಿಂದ ವಿನಾಯಿತಿ ಇದೆ. ಹಾಗಾಗಿ ಅದರಿಂದಲೇ ಶುರು ಮಾಡಿ. ಅದರಲ್ಲಿ ಹೊಡೆಯುವ 10 ಮೀಟರ್ ದೂರದ ಗುರಿಯ ನಡುವಿನ ಹತ್ತಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ. ಅಲ್ಲಿ ಪಳಗಿದ ಕೈ ದೂರದ ಗುರಿಗೂ ಒದಗುತ್ತದೆ.

ನಾನು ಮೊದಲು ರೈಫಲ್ ಮೇಲೆ ಕೂರಿಸುವ ದುರ್ಬೀನಿಗೆ ದುಡ್ಡು ಸುರಿದು ಟ್ರಿಗರ್ ಪರೀಕ್ಷಿಸದೆ ರೈಫಲ್ ಕೊಂಡೆ. ಎಳೆದಾಗಲೆಲ್ಲ ತಡೆದು ತಡೆದು ಬಿಡುತ್ತಿತ್ತು, ಆ ಕ್ಷಣಕ್ಕೇ ನಳಿಕೆ ಅಲುಗುತ್ತಿತ್ತು. ಹಾಗಾಗಿ ಮೊದಲು ಟ್ರಿಗರ್, ನಂತರ ಭುಜಕ್ಕೆ ಹೊಂದುವ ಬಟ್ (ರೈಫಲ್‌ನ ಹಿಂಬದಿ), ದುರ್ಬೀನು ಕೊನೆಗೆ. ಒಂದೇ ರೈಫಲ್‌ನಲ್ಲಿ ಮೂರು ಬಗೆಯ ಪೆಲೆಟ್‌ಗಳನ್ನು (ಏರ್ ರೈಫಲ್‌ನ ಪುಟ್ಟ ಗುಂಡುಗಳನ್ನು) ಐದೈದು ಬಾರಿ ಹಾರಿಸಿ ತೋರಿಸುತ್ತೇನೆ; ಕಾಗದದ ಮೇಲಿನ ತೂತುಗಳೇ ವ್ಯತ್ಯಾಸ ಹೇಳುತ್ತವೆ.

ರೈಫಲ್ ಇರುವವರು ಪೆಲೆಟ್ ತುಂಬಿಸದೆ, ಚೀಲದಲ್ಲಿಟ್ಟು ತನ್ನಿ. ಮಕ್ಕಳೊಂದಿಗೆ ಪೋಷಕರು ಇರಲೇಬೇಕು. ಬರುವವರು ಹೆಸರು ಮತ್ತು ಖರ್ಚು ಮಾಡಬಹುದಾದ ಮೊತ್ತವನ್ನು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.