ಮಾಗಿದ ಎಲೆ, ಎಳಸು ಮಿಶ್ರಣ

ಪ್ರೀತಿಯ ಗೆಳೆಯಾ,

ಈ ಚಳಿಗಾಲಕ್ಕೆ ‘ಸೀಮಿತ ಸಂಖ್ಯೆ’ ಎಂದು ಬಿಟ್ಟಿರುವ ಪೈಪ್ ತಂಬಾಕಿನ ಡಬ್ಬಿ ಕೊಳ್ಳಬಹುದೇ, ಕೊಂಡರೆ ಎಷ್ಟು ಕೊಳ್ಳಲಿ ಎಂದು ಕೇಳಿದ್ದೆಯಲ್ಲ, ಉತ್ತರ ತಡವಾಯಿತು. ಒಂದು ಡಬ್ಬಿ ಒಡೆದು ಅರ್ಧಕ್ಕಿಂತ ಹೆಚ್ಚು ಸೇದುವವರೆಗೆ ಏನನ್ನೂ ಬರೆಯಬಾರದು ಎಂದುಕೊಂಡಿದ್ದೆ. ಮೊದಲ ಪೈಪಿನ ಅಭಿಪ್ರಾಯದ ಮೇಲೆ ನನಗೆ ನಂಬಿಕೆಯಿಲ್ಲ. ಡಬ್ಬಿಯ ಮೇಲೆ ಅಚ್ಚು ಹಾಕಿರುವ ಹೊಗಳಿಕೆಯೇ ಆಗ ನಾಲಿಗೆಯ ಮೇಲೂ ಕೂತಿರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎಲೆ ಬಹಳ ಚೆನ್ನಾಗಿದೆ, ಮಿಶ್ರಣ ಇನ್ನೂ ಎಳಸು. ಹಲವು ವರ್ಷ ಮಾಗಿಸಿದ ಎಲೆಯಿಂದ ಮಾಡಿದ್ದು ಎಳಸು ಹೇಗಾದೀತು ಎಂದು ನೀನು ಜಗಳಕ್ಕೆ ಬರುತ್ತೀಯ, ಗೊತ್ತು. ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ಹೊಗೆಸೊಪ್ಪು ಎರಡು ಸಲ ಮಾಗುತ್ತದೆ. ಮೊದಲನೆಯದು ಎಲೆಗಳು ಇನ್ನೂ ಬೇರೆ ಬೇರೆಯಾಗಿರುವಾಗ. ನಮ್ಮ ಡಬ್ಬಿಯ ಮುಖ್ಯ ಎಲೆ ವರ್ಜೀನಿಯಾ ಎಂಬ ಬಗೆಯದು; ಅದನ್ನು ಬೇಯಿಸುವುದು ಹೊಗೆ ತಾಗದ ಬಿಸಿಗಾಳಿಯಲ್ಲಿ. ಮೊದಲು ಹದವಾದ ಶಾಖದಲ್ಲಿ ಎಲೆ ಹಳದಿಗೆ ತಿರುಗುವಾಗ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಶಾಖ ಏರಿಸಿ ಆ ಸಕ್ಕರೆಯನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತಾರೆ. ಈ ಹಳದಿ ಎಲೆಯ ಹುಟ್ಟಿಗೆ ಒಂದು ಕಥೆಯಿದೆ. 1839ರಲ್ಲಿ ಉತ್ತರ ಕ್ಯಾರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ, ಸ್ಲೇಡ್ ಎಂಬಾತನ ಜಮೀನಿನಲ್ಲಿ ದುಡಿಯುತ್ತಿದ್ದ ಸ್ಟೀಫನ್ ಎಂಬ ಗುಲಾಮ ಆರುತ್ತಿದ್ದ ಬೆಂಕಿಗೆ ಇದ್ದಿಲು ಸುರಿದನಂತೆ. ಹಠಾತ್ತನೆ ಏರಿದ ಶಾಖಕ್ಕೆ ಎಲೆಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿದವಂತೆ. ಲಾಭ ಯಾರ ಪಾಲಾಯಿತು ಎಂದು ಬೇರೆ ಹೇಳಬೇಕಿಲ್ಲ.

ಹೀಗೆ ಬೆಂದ ಎಲೆಯನ್ನು ಕೂಡಲೇ ಸೇದಿದರೆ ಗಂಟಲು ಕೆರೆಯುತ್ತದೆ. ಅದರಲ್ಲಿ ಅಮೋನಿಯಾದ ಘಾಟು ಇರುತ್ತದೆ, ಹಸಿ ಒಗರೂ ಇರುತ್ತದೆ. ಆದ್ದರಿಂದ ಪೆಟ್ಟಿಗೆಗಳಲ್ಲೋ ಪೀಪಾಯಿಗಳಲ್ಲೋ ಒತ್ತಿ ತುಂಬಿ, ವರ್ಷಗಟ್ಟಲೆ ಗೋದಾಮಿನಲ್ಲಿ ಇಡುತ್ತಾರೆ. ಘಾಟು ಇಳಿಯುತ್ತದೆ, ಬಣ್ಣ ಕಡುವಾಗುತ್ತದೆ, ಹುಲ್ಲಿನ ವಾಸನೆ ಹೋಗಿ ಒಣಹಣ್ಣಿನ ವಾಸನೆ ಬರುತ್ತದೆ. ನಮ್ಮ ಡಬ್ಬಿ ಜಂಬ ಕೊಚ್ಚಿಕೊಳ್ಳುವುದು ಈ ವಯಸ್ಸಿನ ಬಗ್ಗೆ. ಜಂಬ ಸುಳ್ಳಲ್ಲ, ಒಪ್ಪುತ್ತೇನೆ.

ಎರಡನೆಯ ಸಲ ಮಾಗುವುದು ಎಲೆಗಳನ್ನು ಕೂಡಿಸಿ, ಒತ್ತಿ, ಸೀಳಿ, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿದ ಮೇಲೆ. ಒಳಗೆ ಸಿಕ್ಕಿಕೊಂಡ ಚೂರು ಗಾಳಿ ಮತ್ತು ತೇವದಲ್ಲಿ ಹುದುಗುವಿಕೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ, ಒಂದು ಎಲೆಯ ಗುಣ ಇನ್ನೊಂದಕ್ಕೆ ಇಳಿಯುತ್ತದೆ. ಈ ಕೆಲಸವನ್ನು ಗೋದಾಮು ಮಾಡಿಕೊಡಲಾರದು, ಏಕೆಂದರೆ ಅಲ್ಲಿ ಎಲೆಗಳು ಇನ್ನೂ ಪರಸ್ಪರ ಭೇಟಿಯಾಗಿಯೇ ಇರುವುದಿಲ್ಲ. ನಮ್ಮ ಡಬ್ಬಿ ಮುಚ್ಚಿದ್ದು ಇದೇ ಹಂಗಾಮಿನಲ್ಲಿ.

ಈಗ ಡಬ್ಬಿಗೆ ಬರುತ್ತೇನೆ. ಐವತ್ತು ಗ್ರಾಂ, ದುಂಡು ಡಬ್ಬಿ. ಮುಚ್ಚಳದ ಅಂಚಿಗೆ ನಾಣ್ಯ ಕೊಟ್ಟು ತಿರುವಿದಾಗ ಉಸ್ಸೆಂದು ಗಾಳಿ ಎಳೆದುಕೊಂಡಿತು. ಮೊದಲು ಮೂಗಿಗೆ ಬಡಿದದ್ದು ವಿನೆಗರ್‌ನಂಥ ಹುಳಿ. ಹೆದರಬೇಡ, ಕೆಂಪು ವರ್ಜೀನಿಯಾದಲ್ಲಿ ಇದು ಇರುವುದೇ; ಡಬ್ಬಿಯನ್ನು ತುಸು ಹೊತ್ತು ತೆರೆದಿಟ್ಟರೆ ತಗ್ಗುತ್ತದೆ. ಅದರ ಕೆಳಗೆ ಒಣದ್ರಾಕ್ಷಿ, ಇನ್ನೂ ಕೆಳಗೆ ಹಳೆಯ ಚರ್ಮದ ವಾಸನೆ. ಫ್ಲೇಕ್‌ಗಳು ಅಂಗೈಯಗಲದ ತೆಳುವಾದ ಪಟ್ಟಿಗಳು, ಇಟ್ಟಿಗೆಗಿಂತ ಕಡುವಾದ ಕೆಂಪು. ನಡುವೆ ಅಲ್ಲಲ್ಲಿ ಕಪ್ಪು ಎಳೆ. ಆ ಕಪ್ಪೇ ಪೆರೀಕ್, ಒತ್ತಿ ಹುದುಗಿಸಿದ ಖಾರದ ಎಲೆ.

ಪಟ್ಟಿಯನ್ನು ಬೆರಳಲ್ಲಿ ಉಜ್ಜಿದರೆ ಎಳೆಗಳು ಅಂಟಂಟಾಗಿ ಮುದ್ದೆಯಾದವು. ಹಾಗೆಯೇ ತುಂಬಿ ಸೇದುವವರು ಇದ್ದಾರೆ, ಆಮೇಲೆ ಕಡ್ಡಿ ಗೀರಿ ಗೀರಿ ಸುಸ್ತಾಗಿ ತಂಬಾಕನ್ನು ಬೈಯುತ್ತಾರೆ. ಬಿಡಿಸಿ ಕಾಗದದ ಮೇಲೆ ಹರವು. ಚಿವುಟಿ ಹಿಡಿದು ಬಿಟ್ಟಾಗ ಎಳೆಗಳು ಮುದ್ದೆಯಾಗಿ ಉಳಿಯದೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು, ಆದರೆ ಪುಡಿಯಾಗಬಾರದು. ಅದೇ ಹದ. ಪೈಪಿನ ಬೌಲಿನ ತಳಕ್ಕೆ ಸಡಿಲವಾಗಿ, ಮೇಲೆ ತುಸು ಬಿಗಿಯಾಗಿ ತುಂಬು. ಮೊದಲ ಕಡ್ಡಿಗೆ ಎಳೆಗಳು ಸುರುಳಿಯಾಗಿ ಮೇಲೇಳುತ್ತವೆ. ಟ್ಯಾಂಪರ್‌ನಿಂದ ಮೆತ್ತಗೆ ಕೂರಿಸಿ ಎರಡನೆಯ ಕಡ್ಡಿ ಹಚ್ಚು. ನಿನಗೆ ಇದೆಲ್ಲ ಗೊತ್ತು. ಆದರೂ ನೀನು ಇಂಜಿನ್ನಿನಂತೆ ಹೊಗೆ ಎಳೆಯುವುದನ್ನು ಕಂಡಿದ್ದೇನೆ, ಅದಕ್ಕೆ ಬರೆದೆ. ಸಕ್ಕರೆ ಹೆಚ್ಚಿರುವ ಎಲೆ ಬೇಗ ಕಾದುಕೊಳ್ಳುತ್ತದೆ, ಕಾದರೆ ರುಚಿ ಹೋಗಿ ಹಬೆ ನಾಲಿಗೆಯನ್ನು ಸುಡುತ್ತದೆ. ಆರಿಹೋಗುತ್ತದೇನೋ ಎಂಬಷ್ಟು ಮೆಲ್ಲಗೆ ಎಳೆ. ಆರಿದರೆ ಮತ್ತೆ ಹಚ್ಚಿದರಾಯಿತು.

ರುಚಿ? ಮೊದಲ ಭಾಗದಲ್ಲಿ ವರ್ಜೀನಿಯಾದ್ದೇ ದರ್ಬಾರು. ಹುಳಿಸಿಹಿ, ಅಂಜೂರ, ಹೊಗೆ ಮಂದವಾಗಿ ನಾಲಿಗೆಯ ಮೇಲೆ ಕೂರುತ್ತದೆ. ಚೂರೂ ಒರಟಿಲ್ಲ. ಇಷ್ಟು ನಯ ಹೊರಗಿನಿಂದ ಸಿಹಿ ಸವರಿದರೆ ಬರುವುದಲ್ಲ. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ ಇರುವ ಬರ್ಲಿ ಎಂಬ ಬಗೆಯ ಎಲೆಗೆ ಏನು ಸವರಿದರೂ ಹೀರಿಕೊಂಡು ಬೇರೆ ವೇಷ ತೊಡುತ್ತದೆ, ಇಲ್ಲಿ ವೇಷವಿಲ್ಲ. ನಡುಭಾಗಕ್ಕೆ ಬಂದಾಗ ಹೊಗೆಯನ್ನು ಸ್ವಲ್ಪವೇ ಮೂಗಿನಿಂದ ಬಿಟ್ಟು ನೋಡು. ಕರಿಮೆಣಸಿನ ಖಾರ ಚುರುಕ್ಕೆನ್ನುತ್ತದೆ. ಪೆರೀಕ್ ಎದ್ದದ್ದು ಆಗ. ಮತ್ತೆರಡು ಸಲ ಎಳೆದರೆ ಖಾರ ಮಾಯ, ಮತ್ತೆ ಬರಿಯ ಸಿಹಿ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡವರ ಹಾಗೆ ಇವೆ ಈ ಎರಡು ಎಲೆಗಳು. ನಾನು ಎಳಸು ಎಂದದ್ದು ಇದನ್ನೇ. ತಳಕ್ಕೆ ಬಂದಾಗ ಮಾತ್ರ ಎರಡೂ ಸ್ವಲ್ಪ ಕೂಡಿ, ಕಡುವಾದ, ಮಣ್ಣಿನ ವಾಸನೆಯ ಒಂದು ರುಚಿ ಬಂತು. ಮುಂದೆ ಏನಾಗಲಿದೆ ಎಂಬುದರ ಸುಳಿವು ಅಲ್ಲಿದೆ.

ಪೆರೀಕ್‌ನ ಮೇಲೆ ನನಗೆ ಕೋಪವಿಲ್ಲ. ಇಡೀ ಡಬ್ಬಿಯಲ್ಲಿ ಅತಿ ಹೆಚ್ಚು ಕಷ್ಟಪಟ್ಟ ಎಲೆ ಅದು. ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಆ ಎಲೆಯನ್ನು ತೇವ ಮಾಡಿ, ನಾರು ತೆಗೆದು, ಕಟ್ಟು ಕಟ್ಟಿ, ಹಳೆಯ ವಿಸ್ಕಿ ಪೀಪಾಯಿಗಳಲ್ಲಿ ತುಂಬಿ, ಸ್ಕ್ರೂ ಜಾಕ್‌ನಿಂದ ಒತ್ತುತ್ತಾರೆ. ಎಲೆ ತನ್ನ ರಸದಲ್ಲೇ ಹುದುಗುತ್ತದೆ. ನಡುನಡುವೆ ಒತ್ತಡ ಸಡಿಲಿಸಿ, ಎಲೆಯನ್ನು ಹೊರತೆಗೆದು ಗಾಳಿಗೊಡ್ಡಿ ಮತ್ತೆ ತುಂಬುತ್ತಾರೆ. ಹೀಗೆ ಸುಮಾರು ಒಂದು ವರ್ಷ. ಅಷ್ಟೆಲ್ಲ ಆದ ಮೇಲೂ ಅದನ್ನು ಒಂಟಿಯಾಗಿ ಸೇದುವವರು ಅಪರೂಪ. ಪಕ್ಕದಲ್ಲಿ ವರ್ಜೀನಿಯಾ ಇದ್ದರೆ, ಕಾಲವೂ ಕೂಡಿಬಂದರೆ, ಅದರ ಖಾರ ಒಣಹಣ್ಣಿನ ಪರಿಮಳವಾಗುತ್ತದೆ.

ಇನ್ನು ‘ಸೀಮಿತ ಸಂಖ್ಯೆ’ಯ ವಿಚಾರ. ಒಂದು ವರ್ಷದ ಬೆಳೆ ಒಂದು ವರ್ಷದ್ದೇ, ಮುಗಿದರೆ ಮುಗಿಯಿತು. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕವಾದ ಮಾತು. ಅಮೆರಿಕದ ತಂಬಾಕು ಕಂಪನಿ ಮೆಕ್ಲೆಲ್ಯಾಂಡ್‌ನವರ ‘ಕ್ರಿಸ್‌ಮಸ್ ಚಿಯರ್’ ನಿನಗೆ ನೆನಪಿರಬೇಕು. ಆಯ್ದ ಬೆಳೆಯ ವರ್ಜೀನಿಯಾವನ್ನು ಕೆಲವು ವರ್ಷ ಮಾಗಿಸಿ, ಪ್ರತಿ ವರ್ಷವೂ ಡಬ್ಬಿಯ ಮೇಲೆ ಇಸವಿ ಹಾಕಿ ಬಿಡುತ್ತಿದ್ದರು. ಮಳೆ, ಬಿಸಿಲು ಬೇರೆಯಾದಂತೆ ಬೆಳೆಯೂ ಬೇರೆ. ಹಾಗಾಗಿ ಇಸವಿ ನೋಡಿ ಕೊಳ್ಳುವುದಕ್ಕೆ ಅರ್ಥವಿತ್ತು. ಬೇಕಾದ ಗುಣದ ಎಲೆ ಸಿಗುವುದು ಕಷ್ಟವಾಯಿತೆಂದು 2018ರಲ್ಲಿ ಅವರು ಬಾಗಿಲು ಹಾಕಿದರು, ಆಮೇಲೆ ಹಳೆಯ ಡಬ್ಬಿಗಳಿಗೆ ನೂಕುನುಗ್ಗಲಾಯಿತು. ನನಗೆ ಕಿರಿಕಿರಿ ಎನಿಸುವುದು ಆ ನೂಕುನುಗ್ಗಲನ್ನೇ ಎಣಿಸಿಕೊಂಡು ಡಂಗುರ ಹೊಡೆಯುವ ಮಾರಾಟಗಾರರು. ಅಪರೂಪವಾದದ್ದಕ್ಕೆ ಬೆಲೆ ಬಂದೀತು, ರುಚಿ ಬರುವುದಿಲ್ಲ. ತೆರೆಯದೆ ಕಪಾಟಿನಲ್ಲಿ ಸಾಲಾಗಿ ಪೇರಿಸಿಟ್ಟು ಚಿತ್ರ ತೆಗೆಯುವವರನ್ನು ಕಂಡರೆ, ಪಾಪ ಆ ಎಲೆ ಮಾಗಿದ್ದು ಯಾರಿಗಾಗಿ ಎನಿಸುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ಮೂರು ಕೊಳ್ಳು. ಒಂದನ್ನು ಈಗಲೇ ಒಡೆ, ಏಕೆಂದರೆ ಹೊಸದರ ರುಚಿ ಗೊತ್ತಿಲ್ಲದೆ ಹಳೆಯದು ಎಷ್ಟು ಬದಲಾಯಿತೆಂದು ತಿಳಿಯುವುದಿಲ್ಲ. ಎರಡನೆಯದಕ್ಕೆ ಮೂರು ವರ್ಷ ಕೊಡು. ಎದ್ದು ಕಾಣುವ ಬದಲಾವಣೆ ಮೊದಲ ಕೆಲವು ವರ್ಷಗಳಲ್ಲೇ ಆಗುತ್ತದೆ. ಮೂರನೆಯದನ್ನು ಮರೆತುಬಿಡು. ತಂಪಾದ, ಬಿಸಿಲು ಬೀಳದ ಜಾಗ ಸಾಕು. ಒಡೆದ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕು, ನೀರು ಚಿಮುಕಿಸಲು ಹೋಗಬೇಡ. ವರ್ಷಗಳ ನಂತರ ಎಲೆಯ ಮೇಲೆ ಬಿಳಿಯದೇನಾದರೂ ಕಂಡರೆ ಬೆಳಕಿಗೆ ಹಿಡಿದು ನೋಡು. ಸಣ್ಣ ಹರಳುಗಳಾಗಿ ಮಿನುಗಿದರೆ ಸಂತೋಷಪಡು, ಎಲೆ ಮಾಗಿದ ಗುರುತು. ಹತ್ತಿಯಂತೆ ನವಿರಾಗಿ ಮುಗ್ಗಲು ವಾಸನೆ ಬಂದರೆ ಅದು ಬೂಸ್ಟು, ಎಸೆದುಬಿಡು.

ಕಟ್ಟಿಗೆಯ ಹೊಗೆಯಲ್ಲಿ ಹದಮಾಡಿದ ಲಟಾಕಿಯಾ ತಂಬಾಕನ್ನು ಸೇದುವ ಪೈಪಿನಲ್ಲಿ ಇದನ್ನು ತುಂಬಬೇಡ, ಆ ಹೊಗೆಯ ವಾಸನೆ ಪೈಪಿನ ಬ್ರಯರ್ ಮರದಿಂದ ಸುಲಭಕ್ಕೆ ಹೋಗುವುದಿಲ್ಲ. ಇನ್ನೊಂದು ಮಾತು, ಸಣ್ಣದಲ್ಲ: ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದು ದಾರಿಯೇ. ಮಾಗಿದ ಎಲೆಗೂ ಇದರಿಂದ ರಿಯಾಯಿತಿಯಿಲ್ಲ. ದಂತವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾ ಬಂದಿದ್ದೀಯ, ಮೊದಲು ಹೋಗಿ ತೋರಿಸಿಕೊಂಡು ಬಾ.

ಕಳೆದ ಹಂಗಾಮಿನ ಡಬ್ಬಿ ಒಂದು ನಿನ್ನಲ್ಲಿ ಇದೆಯೆಂದು ಹಿಂದೊಮ್ಮೆ ಹೇಳಿದ ನೆನಪು. ಇದ್ದರೆ ಒಡೆಯಬೇಡ, ನಾನು ಬಂದಾಗ ಇದರ ಪಕ್ಕದಲ್ಲಿಟ್ಟು ನೋಡೋಣ. ಒಡೆದಿದ್ದರೆ ಎಷ್ಟು ಉಳಿದಿದೆ ಎಂದು ಬರೆ.

ನಿನ್ನ ಗೆಳೆಯ